ಭಾರತದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳು 40, 42, 44: ಕೀ ಉತ್ತರದಲ್ಲಿ ಯಾವುದು ಸರಿ?

ಮೂರೂ ಸರಿ, ಆಯಾ ವರ್ಷಕ್ಕೆ. ನಿಮ್ಮ ಹಳೆಯ ಗೈಡ್‌ನಲ್ಲಿ 40 ಎಂದಿದ್ದರೆ ಅದು 2021ರ ಲೆಕ್ಕವಿರಬೇಕು. ಆ ವರ್ಷ ತೆಲಂಗಾಣದ ರಾಮಪ್ಪ ದೇವಾಲಯ 39ನೆಯದು, ಗುಜರಾತಿನ ಧೋಲಾವೀರಾ 40ನೆಯದು.

2023ರ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೋ ವಿಶ್ವ ಪರಂಪರೆ ಸಮಿತಿಯ ಸಭೆ ಒಂದು ದಿನದ ಅಂತರದಲ್ಲಿ ಎರಡನ್ನು ಸೇರಿಸಿತು: 17ರಂದು ಶಾಂತಿನಿಕೇತನ (41), 18ರಂದು ಹೊಯ್ಸಳರ ಪವಿತ್ರ ದೇವಾಲಯ ಸಮೂಹ (42). ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ಮೂರು ಗುಡಿಗಳಾದರೂ ಪಟ್ಟಿಯಲ್ಲಿ ಒಂದೇ ತಾಣ. ಎಷ್ಟೋ ಜನ ಎಡವುವುದು ಇಲ್ಲೇ. ಮೊದಲೆರಡು ಹಾಸನ ಜಿಲ್ಲೆ, ಮೂರನೆಯದು ಮೈಸೂರು ಜಿಲ್ಲೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಹೊಂದಿಸಿ ಬರೆಯಿರಿಗೆ ಹೇಳಿ ಮಾಡಿಸಿದಂತಿದೆ. ಇದರೊಂದಿಗೆ ಕರ್ನಾಟಕದ ಲೆಕ್ಕ ನಾಲ್ಕಾಯಿತು: ಹಂಪಿ (1986), ಪಟ್ಟದಕಲ್ಲು (1987), ಪಶ್ಚಿಮ ಘಟ್ಟ (2012), ಈಗ ಹೊಯ್ಸಳ. ಘಟ್ಟ ಮಾತ್ರ ನೈಸರ್ಗಿಕ ವಿಭಾಗ, ಅದರಲ್ಲಿ ಕೇರಳ, ತಮಿಳುನಾಡು, ಮಹಾರಾಷ್ಟ್ರಕ್ಕೂ ಪಾಲಿದೆ.

ಮುಂದೆ, 2024ರಲ್ಲಿ ಅಸ್ಸಾಮಿನ ಚರಾಯ್‌ದೇವ್ ಮೊಯ್ದಾಮ್ (43), ಅಂದರೆ ಅಹೋಮ್ ಅರಸರ ಸಮಾಧಿ ದಿಬ್ಬಗಳು. ಆ ವರ್ಷದ ಸಮಿತಿ ಸಭೆ ನಡೆದದ್ದು ನವದೆಹಲಿಯಲ್ಲೇ. 2025ರ ಜುಲೈನಲ್ಲಿ ಮರಾಠರ ಕೋಟೆಗಳು (44): ಒಟ್ಟು 12, ಹನ್ನೊಂದು ಮಹಾರಾಷ್ಟ್ರದಲ್ಲಿ, ಉಳಿದದ್ದು ತಮಿಳುನಾಡಿನ ಸೆಂಜಿ. ನಾನು ಪ್ರಶ್ನೆಪತ್ರಿಕೆ ತೆಗೆಯುವವನಾದರೆ ಸೆಂಜಿಯನ್ನು ಬಿಡುತ್ತಲೇ ಇರಲಿಲ್ಲ.

2025ರ ಆ ಸೇರ್ಪಡೆಯವರೆಗೆ ಸಾಂಸ್ಕೃತಿಕ 36, ನೈಸರ್ಗಿಕ 7, ಮಿಶ್ರ 1. ಮಿಶ್ರ ಎಂದರೆ ಸಿಕ್ಕಿಂನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನ. ಗರ್ಬಾ, ಯೋಗ, ಕುಂಭಮೇಳಗಳನ್ನು ಇದಕ್ಕೆ ಸೇರಿಸಬೇಡಿ. ಅವು ಅಮೂರ್ತ ಪರಂಪರೆಯ, ಅಂದರೆ ಕಲೆ, ಆಚರಣೆಗಳಂಥವುಗಳ ಬೇರೆ ಪಟ್ಟಿಯವು.