ಗನ್ ಇಟ್ಕೋಬೇಡ ಅಂತ ಬರೆದುಕೊಟ್ರು, ತರೋಕೆ ಯಾರೂ ಹೋಗ್ಲಿಲ್ಲ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ. ಮಗಳು ಇರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. ಅವಳ ಅಪಾರ್ಟ್‌ಮೆಂಟಿನ ಕೆಳಗಿನ ಮನೆ ಹೆಂಗಸನ್ನ ಬೇರೆ ಆಗಿದ್ದ ಗಂಡ ಬಂದು ಗುಂಡು ಹೊಡೆದು ಕೊಂದನಂತೆ. ಹೆಂಡತಿಗೆ ಹೊಡೆದಿದ್ದಕ್ಕೆ ಅವನ ಮೇಲೆ ಮೊದಲೇ ಎರಡು ಕೇಸಿತ್ತು, ಗನ್ ಇಟ್ಕೋಬಾರ್ದು ಅಂತ ಕೋರ್ಟ್ ಆರ್ಡರೂ ಇತ್ತು. "ಆರ್ಡರ್ ಇದ್ಮೇಲೂ ಅವನ ಕೈಗೆ ಗನ್ ಹೇಗೆ ಬಂತು? ಆಯಮ್ಮ ಮೊದಲೇ ದೂರ ಹೋಗಿಬಿಡಬಹುದಿತ್ತಲ್ವಾ?" ಅಂತ ಕೇಳಿದಾರೆ.

ಮೇಷ್ಟ್ರೇ, ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸಕ್ಕೆ ಮನಸ್ಸೇ ಬರ್ಲಿಲ್ಲ. ಅಲ್ಲಿ ಕಾನೂನು ಇಲ್ಲ ಅಂತಲ್ಲ, ಇದೆ. ದೊಡ್ಡ ಅಪರಾಧದಲ್ಲಿ ಶಿಕ್ಷೆ ಆದವನು ಗನ್ ಇಟ್ಕೋಬಾರ್ದು ಅಂತ 1968ರ ಕಾನೂನೇ ಹೇಳುತ್ತೆ, ಹೆಂಡತಿ ಹತ್ರ ಹೋಗ್ಬೇಡ ಅಂತ ಕೋರ್ಟ್ ತಡೆಯಾಜ್ಞೆ ಕೊಟ್ಟಿರೋನಿಗೆ 1994ರಿಂದ ನಿಷೇಧ, ಮನೆಯವರಿಗೆ ಹೊಡೆದು ಸಣ್ಣ ಕೇಸಲ್ಲಿ ಶಿಕ್ಷೆ ಆದ್ರೂ 1996ರಿಂದ ನಿಷೇಧ, ಇದನ್ನ ತಂದಿದ್ದು ನ್ಯೂಜೆರ್ಸಿಯ ಸೆನೆಟರ್ ಫ್ರಾಂಕ್ ಲಾಟೆನ್‌ಬರ್ಗ್. ಇದರಲ್ಲಿ ಒಂದು ದೊಡ್ಡ ತೂತಿತ್ತು, ಮದುವೆ ಆಗಿಲ್ಲ, ಒಟ್ಟಿಗೆ ವಾಸ ಇಲ್ಲ, ಮಗು ಇಲ್ಲ ಅಂದ್ರೆ ಬರೀ ಬಾಯ್‌ಫ್ರೆಂಡ್ ಆಗಿರೋನು ತಪ್ಪಿಸ್ಕೊಳ್ತಿದ್ದ, ಅದನ್ನ 2022ರಲ್ಲಿ ಅರ್ಧಂಬರ್ಧ ಮುಚ್ಚಿದ್ರು.

ಆದ್ರೆ ಇಟ್ಕೋಬೇಡ ಅಂತ ಹೇಳೋ ಆ ಕೇಂದ್ರ ಕಾನೂನು ಇರೋ ಗನ್ನನ್ನ ಯಾರು ಹೋಗಿ ತರ್ಬೇಕು, ಎಷ್ಟು ದಿನದೊಳಗೆ, ಎಲ್ಲಿ ಒಪ್ಪಿಸ್ಬೇಕು ಅನ್ನೋದನ್ನ ಹೇಳೋದೇ ಇಲ್ಲ. ಅದು ರಾಜ್ಯಕ್ಕೊಂದು ಥರ, ಎಷ್ಟೋ ಕಡೆ "ನನ್ನ ಹತ್ರ ಇಲ್ಲ ಸ್ವಾಮಿ" ಅಂದ್ರೆ ಮುಗೀತು. ಯಾರ ಮನೇಲಿ ಯಾವ ಗನ್ ಇದೆ ಅಂತ ದೇಶಕ್ಕೆಲ್ಲ ಒಂದು ಪಟ್ಟಿನೂ ಇಲ್ಲ, ಅಂಥ ಪಟ್ಟಿ ಮಾಡಬಾರ್ದು ಅಂತ 1986ರಿಂದ ಕಾನೂನೇ ಇದೆ.

ನಾನು ಮಲೆನಾಡಿನವನು, ನಮ್ಮ ಕಡೆ ತೋಟ ಇರೋರ ಮನೇಲಿ ಕೋವಿ ಇರುತ್ತೆ, ಹಂದಿ ಮಂಗನ ಕಾಟಕ್ಕೆ. ಎಲೆಕ್ಷನ್ ಡಿಕ್ಲೇರ್ ಆಗ್ತಿದ್ದ ಹಾಗೆ ಸ್ಟೇಷನ್‌ನಿಂದ ಕರೆ ಬರುತ್ತೆ, ಕೋವಿ ತಂದು ಡಿಪಾಸಿಟ್ ಮಾಡಿ ಅಂತ. ಅಪ್ಪ ಗೊಣಗ್ತಾ ಹಳೇ ಬೆಡ್‌ಶೀಟಲ್ಲಿ ಕೋವಿ ಸುತ್ತಿ ಬಸ್ಸಲ್ಲಿ ತಗೊಂಡು ಹೋಗಿ ಕೊಟ್ಟು ರಸೀದಿ ತರ್ತಿದ್ರು, ಆ ರಸೀದಿ ಪಂಚಾಂಗದೊಳಗೆ ಇರ್ತಿತ್ತು. ಲೈಸೆನ್ಸ್ ಪುಸ್ತಕದಲ್ಲಿ ಹೆಸರಿರೋರು ಯಾರು ತಂದಿಲ್ಲ ಅಂತ ಪೊಲೀಸ್ರಿಗೆ ಗೊತ್ತಿರುತ್ತೆ, ಮನೆ ಬಾಗಿಲಿಗೇ ಬರ್ತಾರೆ. ಎಲೆಕ್ಷನ್‌ಗೋಸ್ಕರ ಸಾವಿರಾರು ಕೋವಿ ಒಳಗಿಡಿಸೋಕೆ ಆಗುತ್ತೆ ಅಂದ್ಮೇಲೆ ಒಬ್ಬ ಹೆಂಗಸಿನ ಜೀವಕ್ಕೋಸ್ಕರ ಒಬ್ಬನ ಕೋವಿ ತರೋದು ಆಗದ ಕೆಲಸ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ, ಅಮೆರಿಕ ಆದ್ರೂ ಅಷ್ಟೇ.

ವಿಸ್ಕಾನ್ಸಿನ್‌ನ ಬ್ರೂಕ್‌ಫೀಲ್ಡ್ ಊರಿಂದು ನೋಡಿ. 2012ರ ಅಕ್ಟೋಬರ್ 18ಕ್ಕೆ ಕೋರ್ಟು ಗಂಡನಿಗೆ ನಾಲ್ಕು ವರ್ಷ ಹೆಂಡತಿ ಹತ್ರ ಸುಳಿಯಬೇಡ, ಗನ್ ಇಟ್ಕೋಬೇಡ ಅಂತು. ಅಂಗಡಿಗೆ ಹೋಗಿದ್ರೆ ಹಿನ್ನೆಲೆ ತಪಾಸಣೇಲಿ ಸಿಕ್ಕಿಬೀಳ್ತಿದ್ದ, ಅದಕ್ಕೇ ಅವನು ಆರ್ಮ್ಸ್‌ಲಿಸ್ಟ್ ಅನ್ನೋ ಗನ್ ಜಾಹೀರಾತಿನ ವೆಬ್‌ಸೈಟಲ್ಲಿ ಜಾಹೀರಾತು ನೋಡಿ, 20ಕ್ಕೆ ಪರಿಚಯವೇ ಇಲ್ಲದ ಒಬ್ಬನಿಗೆ 500 ಡಾಲರ್ ಕೊಟ್ಟು ಪಿಸ್ತೂಲ್ ತಗೊಂಡ. ಖಾಸಗಿಯಾಗಿ ಮಾರೋರು ತಪಾಸಣೆ ಮಾಡ್ಬೇಕು ಅಂತ ಕೇಂದ್ರ ಕಾನೂನಿಲ್ಲ. 21ಕ್ಕೆ ಹೆಂಡತಿ ಕೆಲಸ ಮಾಡ್ತಿದ್ದ ಸ್ಪಾಗೆ ನುಗ್ಗಿ ಅವಳನ್ನೂ ಇನ್ನಿಬ್ರು ಹೆಂಗಸರನ್ನೂ ಕೊಂದು ತಾನೂ ಸತ್ತ. ಆರ್ಡರ್ ಆಗಿ ಮೂರೇ ದಿನ.

ನಿಮ್ಮ ಮಗಳಿರೋ ಟೆಕ್ಸಾಸ್‌ನಲ್ಲೇ ರಹೀಮಿ ಅನ್ನೋನ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ಗರ್ಲ್‌ಫ್ರೆಂಡಿಗೆ ಹೊಡೆದು ತಡೆಯಾಜ್ಞೆ ಬಿದ್ದಿತ್ತು, ಆಮೇಲೂ ಐದು ಕಡೆ ಗುಂಡು ಹಾರಿಸಿದ ಆರೋಪ. ಪೊಲೀಸ್ರು ಮನೆ ಸರ್ಚ್ ಮಾಡಿದಾಗ ಸಿಕ್ಕಿದ್ದು ಒಂದು ಪಿಸ್ತೂಲ್, ಒಂದು ರೈಫಲ್, ಗುಂಡುಗಳು, ಜೊತೆಗೆ ಅದೇ ತಡೆಯಾಜ್ಞೆಯ ಕಾಪಿ. ಇಂಥೋರಿಗೆ ಗನ್ ನಿಷೇಧಿಸೋ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ ಕೆಳಗಿನ ಅಪೀಲು ಕೋರ್ಟು ಹೇಳಿಬಿಟ್ಟಿತ್ತು, 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು 8-1ರಲ್ಲಿ ಕಾನೂನನ್ನ ಉಳಿಸ್ತು. ಆ ದಿನ ನಾನು ನಿಟ್ಟುಸಿರು ಬಿಟ್ಟೆ. ಆದ್ರೆ ಕಾನೂನು ಉಳಿದ್ರೂ ಹೋಗಿ ತರೋರು ಬೇಕಲ್ಲ.

ಈಗ ಎರಡನೇ ಪ್ರಶ್ನೆ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಈ ಪ್ರಶ್ನೆನ ನಾವು ಕೇಳೋದು ನಿಲ್ಲಿಸ್ಬೇಕು. ಆಯಮ್ಮ ಬೇರೆ ಆಗಿದ್ಲು, ಕೋರ್ಟಿಗೆ ಹೋಗಿದ್ಲು, ಆರ್ಡರ್ ತಂದಿದ್ಲು, ಇನ್ನೇನು ಮಾಡ್ಬೇಕಿತ್ತು? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾಕ್ವೆಲಿನ್ ಕ್ಯಾಂಬೆಲ್ ಮತ್ತವರ ತಂಡ 11 ಊರುಗಳ ಕೊಲೆ ಕೇಸು ಹಿಡಿದು 2003ರಲ್ಲಿ ಬರೆದಿದಾರೆ, ಹೊಡೆಯೋ ಗಂಡಸಿನ ಕೈಗೆ ಗನ್ ಸಿಗೋ ಹಾಗಿದ್ರೆ ಹೆಂಗಸು ಕೊಲೆಯಾಗೋ ಅಪಾಯ ಐದು ಪಟ್ಟು ಅಂತ, ಬಿಟ್ಟು ಹೊರಟಾಗ ಅಪಾಯ ಇನ್ನೂ ಏರುತ್ತೆ ಅಂತ. ಹೊರಟ ಮೇಲೆನೇ ಅವಳಿಗೆ ಕಾವಲು ಜಾಸ್ತಿ ಬೇಕು.

1999ರಲ್ಲಿ ಕೊಲೊರಾಡೊದ ಕ್ಯಾಸಲ್ ರಾಕ್‌ನಲ್ಲಿ ತಡೆಯಾಜ್ಞೆ ಇದ್ದ ಅಪ್ಪ ಮೂರು ಹೆಣ್ಣುಮಕ್ಕಳನ್ನ ಎತ್ಕೊಂಡು ಹೋದ. ತಾಯಿ ಸಂಜೆ ಏಳೂವರೆಯಿಂದ ಪೊಲೀಸ್ರಿಗೆ ಫೋನ್ ಮೇಲೆ ಫೋನ್ ಮಾಡಿದ್ಲು, ಹತ್ತು ಗಂಟೆ ತನಕ ಕಾಯಿ ಅಂದ್ರು, ಆಮೇಲೆ ಹನ್ನೆರಡರ ತನಕ ಕಾಯಿ ಅಂದ್ರು, ಒಂದು ಗಂಟೆ ಸುಮಾರಿಗೆ ತಾನೇ ಸ್ಟೇಷನ್ನಿಗೆ ಹೋದ್ಲು, ರಿಪೋರ್ಟ್ ಬರ್ಕೊಂಡ ಆಫೀಸರ್ ಊಟಕ್ಕೆ ಹೋದ. ಬೆಳಗಿನ ಜಾವ 3.20ಕ್ಕೆ ಗಂಡನೇ ಸ್ಟೇಷನ್ ಮುಂದೆ ಬಂದು, ಆ ಸಂಜೆ ಕೊಂಡಿದ್ದ ಗನ್ನಿಂದ ಗುಂಡು ಹಾರಿಸಿ ಪೊಲೀಸ್ರ ಗುಂಡಿಗೆ ಸತ್ತ, ಮೂರೂ ಮಕ್ಕಳ ಹೆಣ ಅವನ ಟ್ರಕ್ಕಲ್ಲಿತ್ತು. ತಡೆಯಾಜ್ಞೆ ಜಾರಿ ಮಾಡಿಸ್ಕೊಳ್ಳೋ ಸಾಂವಿಧಾನಿಕ ಹಕ್ಕು ಆ ತಾಯಿಗಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ ಹೇಳ್ತು. ಇಷ್ಟು ವರ್ಷ ಆದ್ರೂ ಇದನ್ನ ಬರೆಯುವಾಗ ನನಗೆ ಸಿಟ್ಟು ಇಳಿಯಲ್ಲ.

ಮಾಡಿದ್ರೆ ಆಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಅಮೆರಿಕದ ಸಿಯಾಟಲ್ ನಗರ ಇರೋ ಕಿಂಗ್ ಕೌಂಟಿ ಅನ್ನೋ ಜಿಲ್ಲೇಲಿ 2018ರಿಂದ ಪೊಲೀಸ್ರೂ ಸರ್ಕಾರಿ ವಕೀಲರೂ ಸೇರಿದ ಒಂದು ತಂಡ ಇದೆ, ಆರ್ಡರ್ ಆದ್ಮೇಲೆ ಗನ್ ಒಪ್ಪಿಸಿದ್ನಾ ಇಲ್ವಾ ಅಂತ ಹಿಂದೆ ಬಿದ್ದು ನೋಡೋದೇ ಅದರ ಕೆಲಸ. ನಮ್ಮಲ್ಲೂ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳಲ್ಲಿ, ಮ್ಯಾಜಿಸ್ಟ್ರೇಟ್ ಹೇಳಿದ್ರೆ ಸಂರಕ್ಷಣಾಧಿಕಾರಿ ದೌರ್ಜನ್ಯಕ್ಕೆ ಬಳಸಿದ ಆಯುಧ ವಶಪಡಿಸ್ಕೋಬಹುದು ಅಂತ ಇದೆ, ಮನೇಲಿ ಕೋವಿ ಇರೋ ಹೆಣ್ಣುಮಕ್ಕಳು ಅರ್ಜಿಲಿ ಇದನ್ನ ಬಾಯಿಬಿಟ್ಟು ಕೇಳಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಕೊನೇಲಿ ನೀವು ಸಣ್ಣ ಅಕ್ಷರದಲ್ಲಿ ಬರೆದಿದ್ರಿ, ಆಯಮ್ಮ ಒಂದಿನ ನಿಮ್ಮ ಮಗಳ ಅಡುಗೆಮನೇಲಿ ಕಾಫಿ ಕುಡೀತಾ "ಅವನ ಹತ್ರ ಗನ್ ಇನ್ನೂ ಇದೆ, ಪೊಲೀಸ್ರಿಗೂ ಹೇಳಿದೀನಿ" ಅಂದಿದ್ಲು ಅಂತ, ಅದಕ್ಕೇ ಮಗಳಿಗೆ ನಿದ್ದೆ ಬರ್ತಿಲ್ಲ ಅಂತ. ತಪ್ಪು ನಿಮ್ಮ ಮಗಳದ್ದಲ್ಲ ಮೇಷ್ಟ್ರೇ, ಗೊತ್ತಿದ್ದೂ ಹೋಗಬೇಕಾಗಿದ್ದೋರು ಬೇರೆಯವ್ರು. ಕೊಂದವನೀಗ ಜೈಲಲ್ಲಿದಾನೆ, ಕೇಸು ನಡೀತಿದೆ ಅಂದಿದೀರಿ. ಆಯಮ್ಮ ಆ ಮಾತು ಯಾವತ್ತು, ಎಷ್ಟು ಹೊತ್ತಿಗೆ ಆಡಿದ್ಲು ಅನ್ನೋದನ್ನ ಮಗಳು ನೆನಪಿರುವಾಗಲೇ ಬರೆದಿಟ್ಟು ಸರ್ಕಾರಿ ವಕೀಲರಿಗೆ ಕೊಡಲಿ, ಅಲ್ಲೇ ಹತ್ತಿರದಲ್ಲಿರೋ ಆಯಮ್ಮನ ಅಕ್ಕನಿಗೂ ಒಂದು ಕಾಪಿ ಕೊಡಲಿ.