13 ವರ್ಷದ ಆಫೆನ್ಸಿವ್ ಲೈನ್ ಆಟಗಾರನಿಗೆ ಯಾವ ಸ್ಥಾನ ಸರಿ?

ನಿಮ್ಮ ಮಗ ಟೆಕ್ಸಾಸ್‌ನಲ್ಲಿ ಏಳನೇ ತರಗತಿಯ ಅಮೆರಿಕನ್ ಫುಟ್‌ಬಾಲ್ ತಂಡದ ಆಫೆನ್ಸಿವ್ ಲೈನ್‌ನಲ್ಲಿದ್ದಾನೆ (ಚೆಂಡು ತಮ್ಮ ತಂಡದ ಬಳಿಯಿರುವಾಗ ಎದುರಾಳಿಗಳನ್ನು ತಡೆಯುವ ಐವರ ಸಾಲು), ಗಟ್ಟಿಮುಟ್ಟಾಗಿದ್ದರೂ ಎತ್ತರವಿಲ್ಲ, ಕೋಚ್ ಒಂದು ದಿನ ಗಾರ್ಡ್ ಎನ್ನುತ್ತಾರೆ, ಮರುದಿನ ಟ್ಯಾಕಲ್ ಎನ್ನುತ್ತಾರೆ, ಒಂದೇ ಸ್ಥಾನಕ್ಕೆ ಗಟ್ಟಿಯಾಗಿ ನಿಲ್ಲುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಮಕ್ಕಳ ತಂಡವೊಂದರಲ್ಲಿ ಲೈನ್ ಹುಡುಗರ ಜವಾಬ್ದಾರಿ ನನ್ನದು. ನಾನು ಹೇಳುವುದಿಷ್ಟೇ: ಸ್ಥಾನದ ತೀರ್ಮಾನ ಈಗಲೇ ಬೇಡ, ಆದರೆ ಸ್ನ್ಯಾಪ್ ಮಾಡುವುದನ್ನು, ಅಂದರೆ ಸಾಲಿನ ನಡುವೆ ನಿಲ್ಲುವ ಸೆಂಟರ್ ಚೆಂಡನ್ನು ಹಿಂದಕ್ಕೆ ಕಳಿಸಿ ಆಟ ಶುರು ಮಾಡುವುದನ್ನು, ಇವತ್ತೇ ಕಲಿಸಲು ಶುರು ಮಾಡಿ.

ಈ ವಯಸ್ಸಿನ ಪಂದ್ಯಗಳಲ್ಲಿ ಎಷ್ಟೋ ಆಟಗಳು ಕೆಡುವುದು ಚೆಂಡು ಅದನ್ನು ಹಿಂದೆ ನಿಂತು ಪಡೆಯುವ ಕ್ವಾರ್ಟರ್‌ಬ್ಯಾಕ್ ತಲೆಯ ಮೇಲೆ ಹಾರಿಹೋಗುವುದರಿಂದ. ಕಾಲುಗಳ ನಡುವಿನಿಂದ ಸುಮಾರು ಐದು ಗಜ ಹಿಂದಕ್ಕೆ, ಪ್ರತಿ ಸಲವೂ ಎದೆಮಟ್ಟಕ್ಕೆ ಚೆಂಡು ಕಳಿಸಬಲ್ಲ ಹುಡುಗನಿಗೆ ಯಾವ ಕೋಚ್ ಕೂಡ ಜಾಗ ಹುಡುಕಿಯೇ ಕೊಡುತ್ತಾರೆ. ಬೇಲಿಗೆ ಒಂದು ಟವೆಲ್ ಕಟ್ಟಿ ಗುರಿ ಮಾಡಿಕೊಡಿ. ಹುಡುಗರೆಲ್ಲ ಚೆಂಡು ಎಲ್ಲಿಗೆ ಹೋಯಿತೆಂದು ಬಗ್ಗಿ ಹಿಂದೆ ನೋಡುತ್ತಾರೆ, ಅಷ್ಟರಲ್ಲಿ ಎದುರಿನವನು ಎದೆಗೆ ಬಂದು ಬಡಿದಿರುತ್ತಾನೆ. ತಲೆ ಎತ್ತಿಯೇ ಇರಬೇಕು, ಚೆಂಡು ಕೈಬಿಟ್ಟ ಕ್ಷಣವೇ ಹೆಜ್ಜೆ ಇಟ್ಟು ಎರಡೂ ಕೈ ಮುಂದೆ ಬರಬೇಕು. ಎದುರು ಯಾರಾದರೂ ಕುಶನ್ ಹಿಡಿದು ನಿಂತರೆ ಈ ಅಭ್ಯಾಸ ಬೇಗ ಕೂಡಿಬರುತ್ತದೆ.

ಉಳಿದ ಸ್ಥಾನಗಳ ವಿಷಯದಲ್ಲಿ ನಾನು ಮೊದಲು ನೋಡುವುದು ಪಾದಗಳನ್ನು. ಟ್ಯಾಕಲ್ ಲೈನ್‌ನ ಅಂಚಿನಲ್ಲಿರುತ್ತಾನೆ, ವೇಗವಾಗಿ ಸುತ್ತುಹಾಕಿ ಬರುವವನನ್ನು ಬಯಲಿನಲ್ಲಿ ತಡೆಯಬೇಕು. ಸೊಂಟ ಬಗ್ಗಿಸಿ ಮುಂದಕ್ಕೆ ವಾಲುವ ಹುಡುಗ ಎಷ್ಟು ದೊಡ್ಡವನಾದರೂ ಅಲ್ಲಿ ಸೋಲುತ್ತಾನೆ. ಉದ್ದ ತೋಳು ನೆರವಾಗುತ್ತದೆ ನಿಜ, ಆದರೆ 13ಕ್ಕೆ ತೋಳು ಅಳೆದು ಏನು ಪ್ರಯೋಜನ? ಸೆಂಟರ್ ಮತ್ತು ಟ್ಯಾಕಲ್ ನಡುವೆ ನಿಲ್ಲುವ ಗಾರ್ಡ್‌ಗೆ ಜಾಗ ಕಿರಿದು, ಬರುವವರು ಭಾರಿ. ಕೆಲವೊಮ್ಮೆ ಅವನೇ ಲೈನ್‌ನ ಹಿಂದಿನಿಂದ ಓಡಿ ಇನ್ನೊಂದು ಬದಿಗೆ ಹೋಗಿ ದಾರಿ ಬಿಡಿಸಬೇಕು. ಕುಳ್ಳಗೆ, ಗಟ್ಟಿಯಾಗಿ, ತಗ್ಗಿ ನಿಲ್ಲಬಲ್ಲ ಹುಡುಗನಿಗೆ ಸದ್ಯಕ್ಕೆ ಗಾರ್ಡ್ ಅಥವಾ ಸೆಂಟರ್ ಹೊಂದುತ್ತದೆ ಎನ್ನಿಸುತ್ತದೆ. ಚಳಿಗಾಲದಲ್ಲಿ ಕುಸ್ತಿಗೆ ಸೇರಿಸಿದರೆ ಸೊಂಟ, ಕೈ ಎರಡೂ ಪಳಗುತ್ತವೆ. (ಲೈನ್ ಆಟಗಾರನೆಂದು ಊಟಕ್ಕೆ ತುಪ್ಪ ಸುರಿಯುವ ನಮ್ಮ ಮನೆಗಳನ್ನು ಬಲ್ಲೆ. ದಯವಿಟ್ಟು ಬೇಡ.)

ಕೋಚ್ ಜಾಗ ಬದಲಿಸುವುದನ್ನು ಉಪಕಾರವೆಂದೇ ತಿಳಿಯಿರಿ. ಎಡಬದಿಯಿಂದ ಬಲಬದಿಗೆ ಹೋದರೆ ಹಿಂದಿಡುವ ಕಾಲೇ ಬದಲಾಗುತ್ತದೆ, ಇದನ್ನು ಚಿಕ್ಕಂದಿನಲ್ಲಿ ಕಲಿತಷ್ಟು ಸುಲಭ. ಜ್ಯಾಕ್ ಮಾರ್ಟಿನ್ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡದಲ್ಲಿ ಲೆಫ್ಟ್ ಟ್ಯಾಕಲ್ ಆಗಿದ್ದರು. 2014ರಲ್ಲಿ ವೃತ್ತಿಪರ ತಂಡ ಡಲ್ಲಾಸ್ ಕೌಬಾಯ್ಸ್ ಅವರನ್ನು ತೆಗೆದುಕೊಂಡು ರೈಟ್ ಗಾರ್ಡ್ ಮಾಡಿತು, ಅಲ್ಲೇ ಅವರು ತಮ್ಮ ಕಾಲದ ಅತ್ಯುತ್ತಮ ಗಾರ್ಡ್‌ಗಳಲ್ಲಿ ಒಬ್ಬರಾದರು. ಇನ್ನೊಂದು ವೃತ್ತಿಪರ ತಂಡ ಫಿಲಡೆಲ್ಫಿಯಾ ಈಗಲ್ಸ್‌ನ ಸೆಂಟರ್ ಆಗಿದ್ದ ಜೇಸನ್ ಕೆಲ್ಸಿ ಕಾಲೇಜಿಗೆ ಬಂದಾಗ ಲೈನ್ ಆಟಗಾರನೇ ಆಗಿರಲಿಲ್ಲ. ಅದೇ ತಂಡದ ಲೆಫ್ಟ್ ಟ್ಯಾಕಲ್ ಜೋರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ, 2018ರಲ್ಲಿ ಆಯ್ಕೆಯಾದಾಗ ಒಂದೇ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನೂ ಆಡಿರಲಿಲ್ಲ.

ಮುಂದಿನ ಪಂದ್ಯವನ್ನು ಗೋಲ್ ಕಂಬಗಳ ಹಿಂದೆ ನಿಂತು ಚಿತ್ರೀಕರಿಸಿ. ಚೆಂಡನ್ನು ಮರೆತು ಮಗನ ಮೊದಲ ಎರಡು ಹೆಜ್ಜೆಗಳನ್ನು ಮಾತ್ರ ನಿಧಾನಗತಿಯಲ್ಲಿ ನೋಡಿ. ಹಿಂದೆ ಸರಿಯುವಾಗ ಪಾದಗಳು ಒಂದಕ್ಕೊಂದು ತಾಗುತ್ತಿದ್ದರೆ ಟ್ಯಾಕಲ್ ಮಾತನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.