ನೈಪರ್ ಪ್ರವೇಶಕ್ಕೆ 371ಜೆ ಪ್ರಮಾಣಪತ್ರ ನಡೆಯುತ್ತದೆಯೇ?

ಪ್ರಶ್ನೆ: ಮಗಳು ಬಿ.ಫಾರ್ಮ್ ಕೊನೆಯ ವರ್ಷದಲ್ಲಿದ್ದಾಳೆ. ಹೈದರಾಬಾದಿನ ನೈಪರ್‌ನಲ್ಲಿ ಸ್ನಾತಕೋತ್ತರ ಓದಬೇಕೆಂಬ ಹಂಬಲ. 371ಜೆ ಪ್ರಮಾಣಪತ್ರ ಮತ್ತು 2ಎ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಟ್ಟಿದ್ದೇವೆ. ಇಷ್ಟು ಸಾಕೇ? ನಮ್ಮದು ಒಕ್ಕಲುತನದ ಮನೆ.
– ಸಿಂಧನೂರಿನ ಓದುಗರು

ಉತ್ತರ: ಸಾಲದು. 371ಜೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ ಪತ್ರ, 2ಎ ರಾಜ್ಯದ ಹಿಂದುಳಿದ ವರ್ಗದ ಪತ್ರ. ಈ ಎರಡು ಪತ್ರಗಳೂ ನಮ್ಮ ರಾಜ್ಯದ ಸೀಟುಗಳಿಗೆ ಬೇಕಾದವು. ನೈಪರ್ ಎಂದರೆ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ಕೇಂದ್ರ ಸರ್ಕಾರದ ಔಷಧ ಇಲಾಖೆಗೆ ಸೇರಿದ್ದು. ಮೊದಲನೆಯದು ಮೊಹಾಲಿಯದು. ಹೈದರಾಬಾದ್, ಅಹಮದಾಬಾದ್, ಕೋಲ್ಕತ್ತ, ಹಾಜೀಪುರ, ಗುವಾಹಟಿ ಮತ್ತು ರಾಯ್‌ಬರೇಲಿಯವು 2007-08ರಲ್ಲಿ ಶುರುವಾದವು. ಇವುಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆಂದು ಪ್ರತ್ಯೇಕ ಸೀಟಿಲ್ಲ. ಆದರೂ 371ಜೆ ಪತ್ರವನ್ನು ಜೋಪಾನವಾಗಿಡಿ. ನೈಪರ್ ಸಿಗದೆ ರಾಜ್ಯದಲ್ಲೇ ಎಂ.ಫಾರ್ಮ್‌ಗೆ ಸೇರುವುದಾದರೆ ಅದೇ ದೊಡ್ಡ ಆಸರೆ.

2ಎ ವಿಷಯದಲ್ಲಿ ಎಡವುವವರೇ ಹೆಚ್ಚು. ಕೇಂದ್ರಕ್ಕೆ 2ಎ, 3ಎ, 3ಬಿ ಎಂಬ ವಿಂಗಡಣೆ ಇಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗಲೇ ‘ಕೇಂದ್ರ ಸರ್ಕಾರದ ನಮೂನೆ’ ಎಂದು ಕೇಳಿ ಪಡೆಯಿರಿ. ಕೇಳದಿದ್ದರೆ ರಾಜ್ಯದ ನಮೂನೆಯೇ ಕೈಗೆ ಬರುತ್ತದೆ, ದಾಖಲೆ ಪರಿಶೀಲನೆಯ ದಿನ ಅದು ಲೆಕ್ಕಕ್ಕೆ ಬರುವುದಿಲ್ಲ. ಕೆನೆಪದರದ, ಅಂದರೆ ಒಬಿಸಿ ಮೀಸಲಾತಿ ಸಿಗದ ಉಳ್ಳವರ, ಆದಾಯ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಇದರಲ್ಲಿ ಕೃಷಿ ಆದಾಯವನ್ನಾಗಲಿ ಸಂಬಳವನ್ನಾಗಲಿ ಸೇರಿಸುವುದಿಲ್ಲ. ಭತ್ತದ ಆದಾಯ ಹೆಚ್ಚಾಯಿತೆಂದು ಹಿಂಜರಿಯಬೇಕಿಲ್ಲ. ನೀರಾವರಿ ಜಮೀನು ಮಾತ್ರ ರಾಜ್ಯದ ಕಾನೂನು ಹೇಳುವ ಭೂಮಿತಿಯ (ಹೊಂದಬಹುದಾದ ಗರಿಷ್ಠ ಜಮೀನಿನ) ಶೇ 85ನ್ನು ಮುಟ್ಟಿರಬಾರದು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಉಳಿಯುವುದು ಆರ್ಥಿಕವಾಗಿ ದುರ್ಬಲರಿಗಿರುವ ಶೇ 10ರ ಇಡಬ್ಲ್ಯೂಎಸ್ ಮೀಸಲಾತಿ. ಅಲ್ಲಿ ಲೆಕ್ಕ ಉಲ್ಟಾ: ಕೃಷಿ ಆದಾಯವೂ ಸೇರುತ್ತದೆ, ಕುಟುಂಬಕ್ಕೆ ಐದು ಎಕರೆ ಅಥವಾ ಹೆಚ್ಚು ಜಮೀನಿದ್ದರೆ ಆದಾಯ ಎಷ್ಟೇ ಕಡಿಮೆಯಿರಲಿ ಅವಕಾಶವಿಲ್ಲ. ಈ ಪತ್ರ ಒಂದೇ ಆರ್ಥಿಕ ವರ್ಷಕ್ಕೆ ಊರ್ಜಿತ. ಹಾಗಾಗಿ ಏಪ್ರಿಲ್ ಆದ ಮೇಲೆ ಹೊಸದನ್ನೇ ಮಾಡಿಸಿ.

ಕಾಗದಪತ್ರಕ್ಕಿಂತ ಮೊದಲಿನ ಮಾತು ಜಿಪ್ಯಾಟ್, ಅಂದರೆ ಫಾರ್ಮಸಿ ಸ್ನಾತಕೋತ್ತರಕ್ಕೆ ನಡೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಬಿ.ಫಾರ್ಮ್ ಓದಿದವರು ಅದರಲ್ಲಿ ಅರ್ಹತೆ ಪಡೆದರೆ ಮಾತ್ರ ನೈಪರ್‌ನ ಪ್ರವೇಶ ಪರೀಕ್ಷೆಯಾದ ನೈಪರ್ ಜೆಇಇಗೆ ಅರ್ಜಿ ಹಾಕಬಹುದು. ಸುಮ್ಮನೆ ಬರೆದಿದ್ದರೆ ಆಗದು. ಕೊನೆಯ ವರ್ಷದಲ್ಲಿ ಇರುವವರೂ ಜಿಪ್ಯಾಟ್ ಬರೆಯಬಹುದು. 125 ಪ್ರಶ್ನೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ‘ನೈಪರ್ ಅರ್ಜಿ ಬಂದಾಗ ನೋಡೋಣ’ ಎಂದು ಕಾದವರಿಗೆ ಅಷ್ಟರಲ್ಲಿ ಜಿಪ್ಯಾಟ್ ಅರ್ಜಿಯ ಗಡುವು ಮುಗಿದಿರುತ್ತದೆ, ಒಂದು ವರ್ಷ ಹೋದಂತೆಯೇ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 60 ಅಥವಾ 10ಕ್ಕೆ 6.75 ಸಿಜಿಪಿಎ ಬೇಕು. ಪರಿಶಿಷ್ಟರಿಗೆ ಶೇ 55 ಅಥವಾ 6.25. ಶೇ 59.8 ಇದ್ದರೆ ಅದನ್ನು 60 ಎಂದು ತಿಳಿಯುವ ಪದ್ಧತಿ ಇಲ್ಲ.

ಸೀಟು ಸಿಕ್ಕವರಿಗೆ ತಿಂಗಳಿಗೆ 12,400 ರೂ. ಶಿಷ್ಯವೇತನವಿದೆ. ಅದನ್ನು ನಂಬಿ ಕೈ ಖಾಲಿ ಇಟ್ಟುಕೊಂಡು ಹೋಗಬೇಡಿ. ಶುಲ್ಕ ಮೊದಲೇ ಕಟ್ಟಬೇಕು, ಶಿಷ್ಯವೇತನ ಆಮೇಲೆ ಬರುವಂಥದ್ದು.

ಪ್ರಶ್ನೆ: ಡಿ.ಫಾರ್ಮ್ ಮುಗಿಸಿ ಮೆಡಿಕಲ್ ಶಾಪಿನಲ್ಲಿದ್ದೇನೆ. ನೈಪರ್ ಬರೆಯಬಹುದೇ?
– ಗಂಗಾವತಿಯ ಓದುಗರು

ಉತ್ತರ: ನೇರವಾಗಿ ಆಗದು. ಬಿ.ಫಾರ್ಮ್ ಎರಡನೇ ವರ್ಷಕ್ಕೆ ಲ್ಯಾಟರಲ್ ಪ್ರವೇಶ ಪಡೆದು ಮೂರು ವರ್ಷ ಓದಿದರೆ ದಾರಿ ತೆರೆಯುತ್ತದೆ.

ಪ್ರಶ್ನೆ: ಊರಿನ ಹತ್ತಿರವೇ ಕೆಲಸ ಬೇಕು. ಯಾವ ವಿಭಾಗ ಆರಿಸಲಿ?
– ರಾಯಚೂರಿನ ವಿದ್ಯಾರ್ಥಿ

ಉತ್ತರ: ರಾಯಚೂರಿನಲ್ಲಿ ಇರುವುದು ಹೆಚ್ಚಾಗಿ ಬಲ್ಕ್ ಡ್ರಗ್, ಅಂದರೆ ಔಷಧದ ಮೂಲ ರಾಸಾಯನಿಕ ತಯಾರಿಸುವ ಕಾರ್ಖಾನೆಗಳು. ಅಲ್ಲಿಗೆ ಬೇಕಾದವರು ಮೆಡಿಸಿನಲ್ ಕೆಮಿಸ್ಟ್ರಿ, ಪ್ರೊಸೆಸ್ ಕೆಮಿಸ್ಟ್ರಿ ಅಥವಾ ಫಾರ್ಮಾಸ್ಯುಟಿಕಲ್ ಅನಾಲಿಸಿಸ್ ಓದಿದವರು. ಔಷಧದಲ್ಲಿನ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಮೇಲೆ ಕೈ ಪಳಗಿದ್ದರೆ ಗುಣಮಟ್ಟ ವಿಭಾಗದಲ್ಲಿ ಕೆಲಸ ಬೇಗ ಸಿಗುತ್ತದೆ. ಮಾತ್ರೆ, ಕ್ಯಾಪ್ಸೂಲ್ ರೂಪಿಸುವ ಫಾರ್ಮಾಸ್ಯುಟಿಕ್ಸ್‌ಗೆ ಹೈದರಾಬಾದಿನಲ್ಲಿ ಅವಕಾಶ ಹೆಚ್ಚು. ಕೌನ್ಸೆಲಿಂಗ್‌ನಲ್ಲಿ ಸಂಸ್ಥೆಯ ಹೆಸರಿಗೆ ಮರುಳಾಗಿ ಬೇಡದ ವಿಭಾಗವನ್ನು ಮೇಲೆ ಬರೆದರೆ ಅದೇ ಹಂಚಿಕೆಯಾಗುತ್ತದೆ. ಎರಡು ವರ್ಷದ ಕೋರ್ಸಿನಲ್ಲಿ ಎರಡನೆಯದು ಬಹುತೇಕ ಪ್ರಯೋಗಾಲಯದ ಸಂಶೋಧನೆಗೇ ಹೋಗುತ್ತದೆ. ಆದ್ದರಿಂದ ಮೊದಲು ವಿಭಾಗ ನೋಡಿ, ಆಮೇಲೆ ಊರು.